ಗಾಂಜಾ ಸುದ್ದಿಯಲ್ಲಿ ಬಿಟ್ಟುಹೋಗುವ ಸಾಲು

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಬರುವ ಗಾಂಜಾ ಸುದ್ದಿಗಳಿಗೆ ಒಂದು ಸಿದ್ಧ ಅಚ್ಚು ಇದೆ. ಇಷ್ಟು ಕೆ.ಜಿ., ಇಷ್ಟು ಲಕ್ಷ ರೂಪಾಯಿ ಮೌಲ್ಯ, ಇಷ್ಟು ಜನರ ಬಂಧನ. ಪಕ್ಕದಲ್ಲಿ ಮೇಜಿನ ಮೇಲೆ ಜೋಡಿಸಿಟ್ಟ ಪೊಟ್ಟಣಗಳ ಚಿತ್ರ. ಪತ್ರಿಕೋದ್ಯಮ ಓದುತ್ತಿರುವ ನಾನು ಗಾಂಜಾ ವರದಿಗಾರಿಕೆಯ ಕುರಿತ ಒಂದು ಕಿರು ಕೋರ್ಸ್ ಸೇರಿದ ಮೇಲೆ ಈ ಅಚ್ಚಿನಲ್ಲಿ ಏನಿಲ್ಲ ಎಂಬುದು ಕಾಣತೊಡಗಿತು.

ಕೋರ್ಸಿನ ಹೆಸರು ಕೇಳಿ ಮನೆಯಲ್ಲಿ ನಕ್ಕರು, "ಅದನ್ನೂ ಕಲಿಸುತ್ತಾರಾ?" ಎಂದರು. ಕಲಿಸುತ್ತಾರೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2014ರ ಜನವರಿ 1ರಿಂದ ವಯಸ್ಕರಿಗೆ ಅಂಗಡಿಗಳಲ್ಲಿ ಗಾಂಜಾ ಮಾರಲು ಅನುಮತಿ ಸಿಕ್ಕಿತು. ಅದಕ್ಕೆ ತುಸು ಮೊದಲೇ ಅಲ್ಲಿನ ಡೆನ್ವರ್ ಪೋಸ್ಟ್ ಪತ್ರಿಕೆ ಈ ವಿಷಯಕ್ಕೆಂದೇ ಒಬ್ಬ ಸಂಪಾದಕರನ್ನು ನೇಮಿಸಿಕೊಂಡಿತ್ತು. ಅಲ್ಲಿನ ವರದಿಗಾರರು ಅಂಗಡಿಯ ಸರಕನ್ನು ವಿಮರ್ಶೆ ಮಾಡುತ್ತಿದ್ದರು. ಅದರಿಂದ ನಮಗೆ ಆಗಬೇಕಾದ್ದು ಏನೂ ಇಲ್ಲ. ಆದರೆ ಕೋರ್ಸಿನ ಮೊದಲ ಪಾಠ ಮಾತ್ರ ನಮಗೂ ಬೇಕಾದದ್ದು: ಗಿಡ ಒಂದೇ ಆದರೂ ಪದಗಳು ಬೇರೆ ಬೇರೆ.

1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ, ಅದರಿಂದ ತೆಗೆದ ಅಂಟು ಚರಸ್. ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯೊಳಗೆ ಬರುವುದಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನದೇ ಉದಾಹರಣೆ ಇದೆ. 2022ರಲ್ಲಿ ಅಲ್ಲಿನ ಪೊಲೀಸರು ಒಬ್ಬನಿಂದ 29 ಕೆ.ಜಿ. ಭಂಗಿ ಮತ್ತು 400 ಗ್ರಾಂ ಗಾಂಜಾ ವಶಪಡಿಸಿಕೊಂಡರು. ಭಂಗಿ ಈ ಕಾಯ್ದೆಯಡಿ ಬರುವುದಿಲ್ಲ, ಉಳಿದ 400 ಗ್ರಾಂ ಅಲ್ಪ ಪ್ರಮಾಣ ಎಂದು ಹೈಕೋರ್ಟ್ ಆಗಸ್ಟ್‌ನಲ್ಲಿ ಅವನಿಗೆ ಜಾಮೀನು ನೀಡಿತು. ಗಾಂಜಾದಲ್ಲಿ ಅಲ್ಪ ಪ್ರಮಾಣದ ಮಿತಿ 1 ಕೆ.ಜಿ., ವಾಣಿಜ್ಯ ಪ್ರಮಾಣ 20 ಕೆ.ಜಿ. ಎರಡನ್ನೂ ಕೂಡಿಸಿ "29 ಕೆ.ಜಿ. ಮಾದಕ ವಸ್ತು" ಎಂದು ಬರೆದರೆ ಓದುಗನಿಗೆ ಸಿಗುವ ಚಿತ್ರವೇ ಬೇರೆ. ಹಾಗೆಂದು ಭಂಗಿ ನಿರುಪದ್ರವಿ ಎಂದಲ್ಲ. ಅಮಲೇರಿಸುವ ಟಿ.ಎಚ್.ಸಿ. ಎಂಬ ರಾಸಾಯನಿಕ ಎಲೆಯಲ್ಲೂ ಇದೆ. ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 3.1 ಕೋಟಿ ಜನ ಒಂದು ವರ್ಷದೊಳಗೆ ಈ ಗಿಡದ ಯಾವುದಾದರೊಂದು ರೂಪವನ್ನು ಬಳಸಿದ್ದರು, ಅವರಲ್ಲಿ ಹೆಚ್ಚಿನವರು ಬಳಸಿದ್ದು ಭಂಗಿಯನ್ನೇ.

ಇನ್ನೊಂದು ಗೊಂದಲ ಎಣ್ಣೆಯದು. ಸೆಣಬಿನ ಗಿಡ ಎಂಬ ಹೆಸರಿನಲ್ಲಿ ಬರುವ ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅನುಮತಿ ಕೊಟ್ಟಿದೆ. ಅದರಿಂದ ಅಮಲೇರದು, ವಿಶೇಷ ರೋಗವೇನೂ ವಾಸಿಯಾಗದು. ಎಲೆಯ ಸಾರದಿಂದ ಮಾಡಿ "ವಿಜಯಾ" ಎಂಬ ಆಯುರ್ವೇದದ ಹೆಸರಲ್ಲಿ ಮಾರುವುದು ಬೇರೆಯೇ ವಸ್ತು. ಅದನ್ನು ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕು. ಮಂಡಿನೋವಿನಿಂದ ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಮದ್ದು ಎಂಬ ಜಾಹೀರಾತು ಕಂಡರೆ ಒಂದು ಸಂಗತಿ ನೆನಪಿರಲಿ: ಈ ಗಿಡದ ಸಿ.ಬಿ.ಡಿ. ಎಂಬ ಅಂಶದಿಂದ ತಯಾರಿಸಿದ ಔಷಧಕ್ಕೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಾಗ, ಅದು ಬಾಲ್ಯದಲ್ಲಿ ಶುರುವಾಗುವ ಎರಡು ವಿರಳ ಬಗೆಯ ಮೂರ್ಛೆರೋಗಕ್ಕೆ ಮಾತ್ರ.

ಅಮಲು ತರುವುದು ಹರಾಮ್ ಎಂಬ ಬಗ್ಗೆ ನಮ್ಮ ಮನೆಗಳಲ್ಲಿ ಗೊಂದಲವಿಲ್ಲ. ಹುಡುಗನ ಜೇಬಿನಲ್ಲಿ ಪೊಟ್ಟಣ ಸಿಕ್ಕಿದ ಮರುದಿನ ಏನು ಮಾಡಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಹೊಡೆಯುತ್ತಾರೆ, ಊರಿಗೆ ಕಳಿಸುತ್ತಾರೆ, ಇಲ್ಲವೇ ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುತ್ತಾರೆ. ಈ ಕೊನೆಯದಂತೂ ಇನ್ನೊಬ್ಬರ ಮಗಳ ಮೇಲೆ ಹೊರೆ ಹೊರಿಸುವ ಉಪಾಯ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ.

ಸುದ್ದಿಯಲ್ಲಿ ಬಿಟ್ಟುಹೋಗುವ ಸಾಲು ಇಲ್ಲಿದೆ. ಅದೇ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಈ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನದ ತೊಂದರೆಯನ್ನೂ ಕಾಯಿಲೆಯೆಂದೇ ಪರಿಗಣಿಸಿ, ರೋಗಿಯ ವಿಷಯವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಹುಡುಗ 18ರೊಳಗಿನವನಾದರೆ ಅವನ ಹೆಸರು, ಚಿತ್ರ, ಶಾಲೆ ಯಾವುದನ್ನೂ ಪತ್ರಿಕೆ ಪ್ರಕಟಿಸುವಂತಿಲ್ಲ.

ತಡಮಾಡಬಾರದು ಎನ್ನಲು ಕಾರಣಗಳಿವೆ. ಮೆದುಳಿನ ಬೆಳವಣಿಗೆ 25ರ ಸುಮಾರಿನವರೆಗೂ ನಡೆಯುತ್ತಿರುತ್ತದೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆರು ಮಂದಿಗೆ ಒಬ್ಬರಂತೆ ವ್ಯಸನಿಗಳಾಗುತ್ತಾರೆ ಎಂಬ ಅಂದಾಜಿದೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದರೆ ಅಪಾಯ ಇನ್ನೂ ಹೆಚ್ಚು. ಪೀಣ್ಯದಂಥ ಕಡೆ ರಾತ್ರಿ ಪಾಳಿಯಲ್ಲಿ ಪ್ರೆಸ್ ಯಂತ್ರದ ಮುಂದೆ ನಿಲ್ಲುವವನಿಗೆ ಗಾಂಜಾದಿಂದ ಮಂದವಾದ ಕೈ-ಕಣ್ಣು ಎಂದರೆ ಬೆರಳಿನ ಪ್ರಶ್ನೆ.

ನಿತ್ಯ ಸೇದುತ್ತಿದ್ದವನು ಬಿಟ್ಟಾಗ ಒಂದೆರಡು ದಿನಗಳಲ್ಲಿ ಸಿಡುಕು, ನಿದ್ರೆಗೇಡು, ಕೆಟ್ಟ ಕನಸು, ಊಟ ಸೇರದಿರುವುದು ಕಾಣಿಸಿಕೊಳ್ಳುತ್ತವೆ. ಮೊದಲ ವಾರದಲ್ಲಿ ಹೆಚ್ಚಿದ್ದು ಸಾಮಾನ್ಯವಾಗಿ ಎರಡು ವಾರಗಳಲ್ಲಿ ಇಳಿಯುತ್ತದೆ. ಇದನ್ನು ಸೊಕ್ಕು ಎಂದು ತಿಳಿದು ಜಗಳಕ್ಕಿಳಿದರೆ ಹುಡುಗ ಮತ್ತೆ ಹಳೆಯ ಗೆಳೆಯರ ಬಳಿಗೇ ಹೋಗುತ್ತಾನೆ.

ಎಲೆಕ್ಟ್ರಾನಿಕ್ ಸಿಟಿಯಿಂದ ನಗರದತ್ತ ಬರುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಹೋಗುವ ಮುನ್ನ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಕರೆ ಉಚಿತ. ಕೋರ್ಸಿನ ಕೊನೆಗೆ ಒಂದು ಬಂಧನದ ಸುದ್ದಿಯನ್ನು ತಿದ್ದಿ ಬರೆಯಬೇಕಿತ್ತು. ನಾನು ಪೊಟ್ಟಣಗಳ ಬೆಲೆಯನ್ನು ತೆಗೆದು ಆ ಜಾಗದಲ್ಲಿ ಈ ಎರಡು ಸಂಖ್ಯೆ ಹಾಕಿದೆ.