ನಿಂತಾಗ ಮಾತ್ರ ಕಾರು ಬಿಸಿಯಾಗುತ್ತಿದೆಯೇ? ಥರ್ಮೋಸ್ಟಾಟ್ ಕೀಳಿಸುವ ಮೊದಲು ಫ್ಯಾನ್ ನೋಡಿ

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಕಾರಿನ ಫಾರ್ವರ್ಡ್‌ಗಳೂ ಓಡಾಡತೊಡಗುತ್ತವೆ. ಥರ್ಮೋಸ್ಟಾಟ್ ಇರುವುದು ಚಳಿ ದೇಶದವರಿಗೆ, ನಮ್ಮ ಕಡೆ ಅದನ್ನು ಕಿತ್ತು ಹಾಕಿದರೆ ಎಂಜಿನ್ ಬಿಸಿಯಾಗುವುದೇ ಇಲ್ಲ ಎನ್ನುವುದು ಒಂದು. ಕೂಲಂಟ್ ಎಲ್ಲ ಸುಮ್ಮನೆ ಖರ್ಚು, ನಲ್ಲಿ ನೀರೇ ಸಾಕು ಎನ್ನುವುದು ಇನ್ನೊಂದು. ಎಂಜಿನ್ ಬಿಸಿಯಾದರೆ ತಕ್ಷಣ ಕಾರಿನ ಹೀಟರ್ ಹಾಕಿ ಎನ್ನುವುದು ಮೂರನೆಯದು. ಓದಿದ ಕೂಡಲೇ ನಗು ಬರಿಸುವ ಆ ಮೂರನೆಯದೇ ನಿಜ. ಮೊದಲೆರಡು ತಪ್ಪು, ಮತ್ತು ಎಂಜಿನ್ನಿಗೆ ದುಬಾರಿ.

ಈ ಫಾರ್ವರ್ಡ್‌ಗಳನ್ನು ನಂಬಿ ದುಡ್ಡು ಕಳೆದುಕೊಳ್ಳುವವರಲ್ಲಿ ಬಹಳಷ್ಟು ಜನರ ಸಮಸ್ಯೆ ಒಂದೇ ಥರ ಇರುತ್ತದೆ. ತುಮಕೂರು ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಟೆಂಪರೇಚರ್ ಮುಳ್ಳು ನಡುವೆ ಅಲುಗದೆ ನಿಂತಿರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೋ ರೈಲ್ವೆ ಗೇಟಿನ ಮುಂದೆಯೋ ಹತ್ತು ನಿಮಿಷ ನಿಂತರೆ ಮೇಲೇರತೊಡಗುತ್ತದೆ. ಗಾಡಿ ಮುಂದೆ ಹೊರಟರೆ ತಾನೇ ಇಳಿಯುತ್ತದೆ. ಈ ಲಕ್ಷಣದಲ್ಲೇ ಅರ್ಧ ಉತ್ತರವಿದೆ. ಓಡುವಾಗ ಸಿಗುವುದು, ನಿಂತಾಗ ಸಿಗದೇ ಹೋಗುವುದು ಯಾವುದು? ಗಾಳಿ.

ನಿಂತ ಎಂಜಿನ್ನೂ ಒಂದು ಗೀಸರ್

ಕಾರು ನಿಂತಿದ್ದರೆ ಎಂಜಿನ್ನಿಗೆ ವಿಶ್ರಾಂತಿ ಎಂದುಕೊಳ್ಳುತ್ತೇವೆ. ಸಣ್ಣ ಪೆಟ್ರೋಲ್ ಕಾರು ಸುಮ್ಮನೆ ಆನ್ ಆಗಿ ನಿಂತಿದ್ದರೂ ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪೆಟ್ರೋಲ್ ಕುಡಿಯುತ್ತದೆ. ಚಕ್ರ ತಿರುಗುತ್ತಿಲ್ಲ, ಆದ್ದರಿಂದ ಆ ಶಕ್ತಿಯೆಲ್ಲ ಹೆಚ್ಚುಕಡಿಮೆ ಶಾಖವಾಗಿಯೇ ಹೊರಬರಬೇಕು. ಒಂದಷ್ಟು ಸೈಲೆನ್ಸರ್ ಮೂಲಕ ಹೋಗುತ್ತದೆ. ಎಂಜಿನ್ ಸುತ್ತ ಹರಿಯುವ ಕೂಲಂಟಿಗೆ ಬರುವ ಪಾಲನ್ನು ಲೆಕ್ಕ ಹಾಕಿದರೆ ಸುಮಾರು 2 ಕಿಲೋವ್ಯಾಟ್, ಅಂದರೆ ಬಚ್ಚಲುಮನೆಯ ಒಂದು ಗೀಸರಿನಷ್ಟು. ಎಸಿ ಹಾಕಿದರೆ ಇನ್ನೂ ಹೆಚ್ಚು. ಎಸಿಯ ಕಂಡೆನ್ಸರ್ ಸಾಮಾನ್ಯವಾಗಿ ರೇಡಿಯೇಟರಿನ ಎದುರಿಗೇ ಇರುತ್ತದೆ, ಅದು ಬಿಡುವ ಬಿಸಿಗಾಳಿಯೂ ರೇಡಿಯೇಟರಿನ ಮೇಲೆಯೇ ಹಾಯುತ್ತದೆ.

ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಹೈವೇಯಲ್ಲಿ ಫ್ಯಾನ್ ಕೆಟ್ಟಿದ್ದರೂ ಗೊತ್ತಾಗದಿರುವುದು ಇದೇ ಕಾರಣಕ್ಕೆ. ನಿಂತಾಗ ಆ ಕೆಲಸ ಪೂರ್ತಿ ರೇಡಿಯೇಟರ್ ಫ್ಯಾನಿನ ತಲೆಗೆ ಬೀಳುತ್ತದೆ.

ಮನೆ ಅಂಗಳದಲ್ಲೇ ಮಾಡಬಹುದಾದ ಪರೀಕ್ಷೆ

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿಕೊಳ್ಳಿ. ಆಮೇಲೆ ಬಾನೆಟ್ ಎತ್ತಿ, ಎಂಜಿನ್ ಆನ್ ಮಾಡಿ, ಎಸಿ ಹಾಕಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಎಸಿ ಕಂಪ್ರೆಸರ್ ಶುರುವಾದ ಸ್ವಲ್ಪ ಹೊತ್ತಿಗೆ ರೇಡಿಯೇಟರ್ ಫ್ಯಾನ್ ಕೂಡ ತಿರುಗಬೇಕು. ಕೈ, ದುಪಟ್ಟಾ, ಸೀರೆಯ ಸೆರಗು ಯಾವುದೂ ಹತ್ತಿರ ಬೇಡ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಿಬಿಡುತ್ತದೆ.

ಎಸಿ ಹಾಕಿದಾಗ ಫ್ಯಾನ್ ತಿರುಗಿತು ಅಂದುಕೊಳ್ಳಿ. ಹಾಗಾದರೆ ಮೋಟಾರು ಸರಿಯಿದೆ. ಈಗ ಎಸಿ ಆಫ್ ಮಾಡಿ, ಎಂಜಿನ್ ಹಾಗೇ ಓಡಲು ಬಿಡಿ. ಕೂಲಂಟ್ ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ (ಗಾಡಿಯಿಂದ ಗಾಡಿಗೆ ಈ ಅಂಕಿ ಸ್ವಲ್ಪ ಬೇರೆ) ಫ್ಯಾನ್ ತಾನೇ ಶುರುವಾಗಿ, ಒಂದೆರಡು ನಿಮಿಷ ತಿರುಗಿ, ನಿಲ್ಲಬೇಕು. ಮುಳ್ಳು ಮೇಲೆ ಹೋಗುತ್ತಿದ್ದರೂ ಫ್ಯಾನ್ ಶುರುವಾಗದಿದ್ದರೆ ಅಲ್ಲೇ ಪರೀಕ್ಷೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ತಾಪಮಾನ ಅಳೆಯುವ ಸೆನ್ಸರ್ ಅಥವಾ ಅದರ ವೈರಿನ ಮೇಲೆ ಅನುಮಾನ ಪಡಬೇಕು.

ಎರಡೂ ಸಲ ತಿರುಗಲಿಲ್ಲವೇ? ಹಾಗಾದರೆ ಫ್ಯೂಸ್, ರಿಲೇ, ಮೋಟಾರು, ಈ ಕ್ರಮದಲ್ಲಿ ಹೋಗಿ. ಅಗ್ಗದ್ದು ಮೊದಲು. ಬಹಳ ಕಾರುಗಳಲ್ಲಿ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೇ ಯಾವುದು ಎಲ್ಲಿದೆ ಎಂಬ ಚಿತ್ರ ಇರುತ್ತದೆ. ಹಾರ್ನಿನ ರಿಲೇ ಮೇಲೆ ಫ್ಯಾನ್ ರಿಲೇಯದೇ ನಂಬರ್ ಇದ್ದರೆ, ಗಾಡಿ ಆಫ್ ಮಾಡಿ ಎರಡನ್ನೂ ಅದಲುಬದಲು ಮಾಡಿ ನೋಡಬಹುದು. ಈಗ ಫ್ಯಾನ್ ತಿರುಗಿ ಹಾರ್ನ್ ಸತ್ತರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಹೊಸ ರಿಲೇಗೆ ಕೆಲವು ನೂರು ರೂಪಾಯಿ. ಇದೇ ದೋಷಕ್ಕೆ ಪೂರ್ತಿ ರೇಡಿಯೇಟರ್ ಬದಲಾಯಿಸಿಕೊಂಡು ಬಂದವರೂ ಇದ್ದಾರೆ.

ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ದೊಡ್ಡ ಆಂಪಿಯರಿನ ಫ್ಯೂಸ್ ಹಾಕುವ ಉಪಾಯ ಬೇಡವೇ ಬೇಡ. ಸವೆದು ಬಿಗಿಯಾದ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದೇ ಫ್ಯೂಸ್ ಸುಡುತ್ತಿರುವುದು. ಅದನ್ನು ತಡೆದರೆ ಮುಂದಿನ ಸಲ ಸುಡುವುದು ವೈರು.

ಫ್ಯಾನ್ ತಿರುಗುತ್ತಿದೆ, ಆದರೂ ಬಿಸಿ ಏರುತ್ತಿದೆ ಎನ್ನುವವರು ಅದು ಎತ್ತ ಊದುತ್ತಿದೆ ಎಂದು ನೋಡಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ರೇಡಿಯೇಟರಿನ ಹಿಂದೆ ಇದ್ದು ಮುಂದಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಮುಂಭಾಗದ ಗ್ರಿಲ್ ಎದುರು ಒಂದು ಹಾಳೆ ಹಿಡಿದರೆ ಅದು ಗ್ರಿಲ್ಲಿಗೆ ಅಂಟಬೇಕು. ದೂರ ತಳ್ಳಲ್ಪಟ್ಟರೆ ರಿಪೇರಿಯ ವೇಳೆ ವೈರು ಉಲ್ಟಾ ಜೋಡಿಸಿರಬಹುದು. ನಂಬಲು ಕಷ್ಟ, ಆದರೆ ಹೊರಗಿನ ಮೋಟಾರು ತಂದು ಹಾಕಿದ ಗಾಡಿಗಳಲ್ಲಿ ಇದು ಆಗುತ್ತದೆ. ಇನ್ನು ಎರಡು ವೇಗದ ಫ್ಯಾನ್ ಇರುವ ಕಾರುಗಳಲ್ಲಿ ಒಂದು ವೇಗ ಮಾತ್ರ ಸತ್ತಿರುವುದೂ ಉಂಟು. ಹಳೆಯ ಜೀಪು, ಲಾರಿಗಳಲ್ಲಿ ಫ್ಯಾನ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದರಿಂದ ಅಲ್ಲಿ ನೋಡಬೇಕಾದ್ದು ಸಡಿಲವಾದ ಬೆಲ್ಟನ್ನು.

ಫ್ಯಾನ್ ಸರಿಯಿದ್ದರೆ?

ಮುಂದಿನ ಅನುಮಾನ ಧೂಳಿನದು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಹುಳ, ಹತ್ತಿ, ಒಣ ಎಲೆ ಸೇರಿ ಕಂಬಳಿ ಹೊದಿಸಿದಂತಾಗಿರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛವಾಗಿಯೇ ಕಾಣುತ್ತದೆ. ತಣ್ಣಗಿರುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ಸಾಧಾರಣ ಪೈಪಿನ ನೀರು ಬಿಡಿ. ವಾಟರ್ ವಾಶ್ ಅಂಗಡಿಯ ಪ್ರೆಶರ್ ಗನ್ ಹತ್ತಿರದಿಂದ ಹೊಡೆದರೆ ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಕೂಲಂಟ್ ಕಡಿಮೆ ಇದ್ದರೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೂ ನಿಂತಾಗಲೇ ಮೊದಲು ತೊಂದರೆ ಕಾಣುತ್ತದೆ, ಏಕೆಂದರೆ ಐಡ್ಲಿಂಗ್‌ನಲ್ಲಿ ವಾಟರ್ ಪಂಪ್ ಕೂಡ ನಿಧಾನ. ಪಂಪಿನ ಒಳಗಿನ ರೆಕ್ಕೆ ಸವೆದಿದ್ದರೂ ಹೀಗೇ ಆಗುತ್ತದೆ.

ಮುಳ್ಳನ್ನೇ ಪೂರ್ತಿ ನಂಬಬೇಡಿ. ಬಹಳ ಕಾರುಗಳಲ್ಲಿ ಅದು ದೊಡ್ಡ ವ್ಯಾಪ್ತಿಯಲ್ಲಿ ನಡುವೆಯೇ ನಿಂತು, ಕೈಮೀರುವ ಹೊತ್ತಿಗೆ ಒಮ್ಮೆಗೇ ಮೇಲೇಳುತ್ತದೆ. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಹಾಕುವ ಬ್ಲೂಟೂತ್ ಅಡಾಪ್ಟರ್ ಇದ್ದರೆ ಫೋನಿನಲ್ಲೇ ನಿಜವಾದ ಡಿಗ್ರಿ ಕಾಣುತ್ತದೆ.

ಥರ್ಮೋಸ್ಟಾಟ್ ಮೇಲಿನ ಆರೋಪ

ಥರ್ಮೋಸ್ಟಾಟ್ ಒಂದು ಬಾಗಿಲು. ಎಂಜಿನ್ ತಣ್ಣಗಿರುವಾಗ ಮುಚ್ಚಿರುತ್ತದೆ, ಸುಮಾರು 80ರಿಂದ 90 ಡಿಗ್ರಿಯಲ್ಲಿ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಮುಚ್ಚಿದಂತೆ ಸಿಕ್ಕಿಕೊಂಡರೆ ಎಂಜಿನ್ ಖಂಡಿತ ಬಿಸಿಯಾಗುತ್ತದೆ, ಆದರೆ ಹೈವೇಯಲ್ಲೂ ಆಗುತ್ತದೆ. ಓಡಿದ ಕೂಡಲೇ ತಣ್ಣಗಾಗುವ ಗಾಡಿಯಲ್ಲಿ ಅದನ್ನು ದೂರುವುದರಲ್ಲಿ ಅರ್ಥವಿಲ್ಲ.

ಕಿತ್ತು ಹಾಕಿದರೆ ಏನಾಗುತ್ತದೆ? ಎಂಜಿನ್ ಬೇಕಾದ ಬಿಸಿ ಮುಟ್ಟಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೈಲೇಜ್ ಇಳಿಯುತ್ತದೆ, ಸವೆತ ಹೆಚ್ಚುತ್ತದೆ. ಇನ್ನೂ ತಮಾಷೆಯೆಂದರೆ, ಕೆಲವು ಎಂಜಿನ್ನುಗಳಲ್ಲಿ ಬಿಸಿಯಾದಾಗ ಒಳಸುತ್ತಿನ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಒಂದಷ್ಟು ಕೂಲಂಟ್ ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ, ಗಾಡಿ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಗುರುತು ಕೇಳಿ. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿರಬೇಕು, ಡಬ್ಬಿಯಲ್ಲಿ ಗುಳ್ಳೆ ಏಳುತ್ತಿರಬೇಕು, ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿರಬೇಕು, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತಿರಬೇಕು. ಇವುಗಳಲ್ಲಿ ಒಂದೂ ಇಲ್ಲದೆ ಎಂಜಿನ್ ಇಳಿಸಲು ಒಪ್ಪಬೇಡಿ. ಹಾಗೆಂದು ಕೆಟ್ಟ ಫ್ಯಾನ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸಿದರೆ ಕೊನೆಗೆ ಹಾಳಾಗುವುದೂ ಈ ಗ್ಯಾಸ್ಕೆಟ್ಟೇ.

ಟ್ರಾಫಿಕ್ ನಡುವೆ ಮುಳ್ಳು ಏರಿದರೆ

ಮೊದಲು ಎಸಿ ಆಫ್ ಮಾಡಿ. ಆಮೇಲೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಹಾಕಿ, ಕಿಟಕಿ ಇಳಿಸಿ. ಹೀಟರ್ ಅನ್ನುವುದು ಡ್ಯಾಶ್‌ಬೋರ್ಡ್ ಒಳಗೆ ಕೂತ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ನಿನದೇ ಕೂಲಂಟ್ ಅದರಲ್ಲೂ ಹರಿಯುತ್ತದೆ, ಬ್ಲೋವರ್ ಅದರ ಶಾಖವನ್ನು ನಿಮ್ಮ ಕಡೆಗೆ ತಳ್ಳುತ್ತದೆ. ನಿಮಗೆ ಬೆವರು, ಎಂಜಿನ್ನಿಗೆ ಉಸಿರು. ಬಿಸಿ ಎಂಜಿನ್ನಿನಲ್ಲಿ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಮಾತ್ರ ಎಚ್ಚರ: ಕೂಲಂಟೇ ಖಾಲಿಯಾಗಿರಬಹುದು, ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಮುಳ್ಳು ಕೆಂಪು ಗೆರೆ ಮುಟ್ಟಿದ್ದರೂ ಅಷ್ಟೇ.

ಈಗ ಬರುವುದು ಎಲ್ಲಕ್ಕಿಂತ ಅಪಾಯದ ಕೆಲಸ, ರೇಡಿಯೇಟರ್ ಮುಚ್ಚಳ ತೆಗೆಯುವುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಕುಕ್ಕರಿನ ವೆಯ್ಟಿನಂತೆ ಒತ್ತಡ ಹಿಡಿದಿಟ್ಟು, ಒಳಗಿನ ದ್ರವ 110 ಡಿಗ್ರಿಯಲ್ಲೂ ಕುದಿಯದಂತೆ ನೋಡಿಕೊಳ್ಳುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಹೋಗಿ ಅಷ್ಟೂ ಒಮ್ಮೆಗೇ ಕುದಿದು ಕಾರಂಜಿಯಂತೆ ಮುಖಕ್ಕೆ ಹಾರುತ್ತದೆ. ಬಟ್ಟೆ ಸುತ್ತಿ ತೆಗೆದರೆ ಆಗುತ್ತದೆ ಎನ್ನುವ ಮಾತನ್ನು ಕೇಳಬೇಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ, ಮೇಲಿನ ಹೋಸ್ ಪೈಪ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು.

ಯಾರಿಗಾದರೂ ಸುಟ್ಟರೆ ಹರಿಯುವ ತಂಪು ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಉಂಗುರ, ಬಳೆ, ವಾಚು ಬೇಗ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಐಸ್ ಬೇಡ. ಮುಖ ಅಥವಾ ಕಣ್ಣಿಗೆ ತಗುಲಿದ್ದರೆ ನೀರು ಹಾಕುತ್ತಲೇ ಆಸ್ಪತ್ರೆಗೆ ಹೊರಡಿ.

ನಲ್ಲಿ ನೀರು ಏಕೆ ಸಾಲದು

ಕೂಲಂಟ್ ಹಿಮ ಬೀಳುವ ಊರಿಗೆ ಮಾತ್ರ ಎನ್ನುವವರು ಅದರ ಅರ್ಧ ಕೆಲಸ ಮರೆತಿರುತ್ತಾರೆ. ಅದರಲ್ಲಿರುವ ಗ್ಲೈಕಾಲ್ ಕುದಿಯುವ ಬಿಂದುವನ್ನು ಮೇಲೆ ತಳ್ಳುತ್ತದೆ, ಉಳಿದ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಬೋರ್‌ವೆಲ್ ನೀರು ಹಾಕಿದರೆ ಸ್ಟೀಲ್ ಪಾತ್ರೆಯ ತಳದಲ್ಲಿ ಕಾಣುವ ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದಾಗ ಕುಡಿಯುವ ನೀರು ಹಾಕಿ ಗ್ಯಾರೇಜ್ ತಲುಪುವುದರಲ್ಲಿ ತಪ್ಪಿಲ್ಲ, ಆದರೆ ಎಂಜಿನ್ ತಣಿದ ಮೇಲೆ, ಮತ್ತು ಆಮೇಲೆ ಅದನ್ನು ಬದಲಾಯಿಸಬೇಕು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ತಯಾರಕರ ಇಷ್ಟ, ನಿಮ್ಮ ಗಾಡಿಗೆ ಯಾವ ಬಗೆಯದು ಬೇಕೆಂದು ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ.

ಮಿಕ್ಕ ಕೂಲಂಟನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ನೆಲಕ್ಕೆ ಚೆಲ್ಲಿದ್ದನ್ನು ಬೀದಿನಾಯಿ ನೆಕ್ಕಿದರೂ ಅದರ ಕಿಡ್ನಿ ಹಾಳಾಗುತ್ತದೆ, ಆದ್ದರಿಂದ ಚೆಲ್ಲಿದ ಕೂಡಲೇ ಸಾಕಷ್ಟು ನೀರು ಹಾಕಿ ತೊಳೆಯಿರಿ.