ವಾಸಿಯಾಯಿತೆಂದು ಮಾತ್ರೆ ಬಿಡಬೇಡಿ

ಮದುವೆಗೆ ಹೊರಟು ನಿಂತಾಗ, ಬಾಗಿಲಿಗೆ ಬೀಗ ಹಾಕುವ ಮುನ್ನ ಮತ್ತೊಮ್ಮೆ ಶೌಚಾಲಯಕ್ಕೆ ಓಡುವವರು ನಿಮ್ಮ ಮನೆಯಲ್ಲಿದ್ದಾರೆಯೇ? ದೂರದ ಬಸ್ಸೆಂದರೆ ಹೆದರಿ ಮನೆಯಲ್ಲೇ ಉಳಿಯುವವರಿದ್ದಾರೆಯೇ? ಮಲದಲ್ಲಿ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಇರಬೇಕೆಂದು ಮುಚ್ಚಿಡುವವರು ಎಷ್ಟೋ ಮಂದಿ. ಹೆಣ್ಣುಮಕ್ಕಳಂತೂ ಇದನ್ನು ತಾಯಿಯ ಬಳಿ ಹೇಳಲೂ ನಾಚುತ್ತಾರೆ.

ವಾರಗಟ್ಟಲೆ ಭೇದಿ, ರಕ್ತ ಮತ್ತು ಲೋಳೆ, ಹೊಟ್ಟೆ ನುಲಿತ, ಸುಸ್ತು, ತೂಕ ಇಳಿಕೆ ಇದ್ದರೆ ಅದು ಕರುಳಿನ ಉರಿಯೂತ ಇರಬಹುದು. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವುದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ಜೀರ್ಣಾಂಗದ ಯಾವ ಭಾಗದಲ್ಲೂ ಬರಬಹುದಾದದ್ದು ಕ್ರೋನ್ಸ್ ಕಾಯಿಲೆ. ಇವು ಅಂಟುರೋಗಗಳಲ್ಲ. ಇದು ಪಾಶ್ಚಾತ್ಯರ ಕಾಯಿಲೆ ಎಂಬ ನಂಬಿಕೆ ಬಹುಕಾಲ ಇತ್ತು. ಆದರೆ ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ, 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂತು.

ಈ ಕಾಯಿಲೆಯಲ್ಲಿ ನಾವು ಮಾಡುವ ದೊಡ್ಡ ತಪ್ಪೊಂದಿದೆ. ರೋಗ ಜೋರಾಗಿದ್ದಾಗ ವೈದ್ಯರು ಹೇಳಿದಂತೆ ಕೇಳುತ್ತೇವೆ. ರಕ್ತ ನಿಂತು ಊಟ ರುಚಿಸತೊಡಗಿದ ಕೂಡಲೇ 'ಇನ್ನೇಕೆ ಮಾತ್ರೆ?' ಎಂದು ನಿಲ್ಲಿಸಿಬಿಡುತ್ತೇವೆ. ಹಾಗೆ ಮಾಡಬಾರದೇಕೆ ಎಂಬುದನ್ನು ವೈದ್ಯವಿಜ್ಞಾನ ದಶಕಗಳ ಪರೀಕ್ಷೆಯಿಂದ ಕಲಿತಿದೆ.

ಒಂದು ಮಾತ್ರೆಯ ಕಥೆ

ಈ ಕಥೆ ಆರಂಭವಾಗುವುದು ಓರ್ವ ಮಹಿಳೆಯಿಂದ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುವಾತಕ್ಕೆಂದು ಸಲ್ಫಾಸಲಜೀನ್ ಎಂಬ ಔಷಧವನ್ನು ರೂಪಿಸಿದರು. ಅದು ಕರುಳಿನ ಹುಣ್ಣಿಗೂ ಒಳ್ಳೆಯದೆಂದು 1940ರ ದಶಕದ ಆರಂಭದಲ್ಲಿ ಅವರಿಗೆ ತಿಳಿಯಿತು.

ಬಳಿಕ ಸ್ಟೀರಾಯ್ಡ್ ಬಂತು. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 210 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ 1955ರಲ್ಲಿ ಪ್ರಕಟವಾಯಿತು. ಕೆರಳಿದ ರೋಗವನ್ನು ಕಾರ್ಟಿಸೋನ್ ಇಳಿಸುತ್ತದೆಂದು ಅದು ತೋರಿಸಿತು. ಆದರೆ ಇಳಿದ ರೋಗ ಮತ್ತೆ ಬಾರದಂತೆ ತಡೆಯಲು ಅದರಿಂದಾಗಲಿಲ್ಲ. ವರ್ಷಗಟ್ಟಲೆ ತಿಂದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ.

ಹಾಗಾದರೆ ತಡೆಯುವುದು ಹೇಗೆ? 1965ರಲ್ಲಿ ಲಂಡನ್ನಿನ ವೈದ್ಯರು ರೋಗ ಶಾಂತವಾಗಿದ್ದವರನ್ನು ಎರಡು ಗುಂಪು ಮಾಡಿ ಒಂದಕ್ಕೆ ಸಲ್ಫಾಸಲಜೀನ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಒಂದು ವರ್ಷದಲ್ಲಿ ಹುಸಿ ಮಾತ್ರೆಯವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ರೋಗ ಮರುಕಳಿಸಿತು. ಔಷಧ ಸೇವಿಸಿದವರಲ್ಲಿ ಅದು ಸುಮಾರು 30.

'ಬಹಳ ಕಾಲದಿಂದ ಚೆನ್ನಾಗಿದ್ದೇನೆ, ಈಗಲಾದರೂ ಬಿಡಬಹುದಲ್ಲ?' ಎಂದು ನೀವು ಕೇಳಬಹುದು. ಇದೇ ಪ್ರಶ್ನೆಗೆ ಆಕ್ಸ್‌ಫರ್ಡಿನವರು 1973ರಲ್ಲಿ ಉತ್ತರ ಕೊಟ್ಟರು. ಬಹುಕಾಲದಿಂದ ಈ ಮಾತ್ರೆಯಲ್ಲಿ ಆರಾಮವಾಗಿದ್ದವರಲ್ಲಿ ಕೆಲವರಿಗೆ ಅವರಿಗೇ ತಿಳಿಯದಂತೆ ಹುಸಿ ಮಾತ್ರೆ ಕೊಡಲಾಯಿತು. ಆರು ತಿಂಗಳಲ್ಲಿ ಅವರಲ್ಲಿ ರೋಗ ಮರಳಿದ್ದು ಸುಮಾರು ನಾಲ್ಕು ಪಟ್ಟು ಹೆಚ್ಚು.

ಬಾಂಗ್ಲಾದೇಶದ ವೈದ್ಯರ ಕೊಡುಗೆ

ಸಲ್ಫಾಸಲಜೀನ್ ಎಂಬುದು ಎರಡು ವಸ್ತುಗಳ ಜೋಡಿ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಈ ಜೋಡಿಯನ್ನು ಬಿಡಿಸುತ್ತವೆ. ಕೆಲಸ ಮಾಡುವುದು ಎರಡರಲ್ಲಿ ಯಾವುದು? ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಬಾಂಗ್ಲಾದೇಶದ ವೈದ್ಯ ಎ.ಕೆ. ಆಜಾದ್ ಖಾನ್ ಮತ್ತು ಸಂಗಡಿಗರು ಎರಡನ್ನೂ ಬೇರೆಬೇರೆಯಾಗಿ ಎನಿಮಾ ರೂಪದಲ್ಲಿ ಕೊಟ್ಟು ನೋಡಿದರು. ಗುಣ ಕೊಡುವುದು 5-ಅಮಿನೋಸಲಿಸಿಲಿಕ್ ಆಮ್ಲ ಎಂದು 1977ರಲ್ಲಿ ತಿಳಿಸಿದರು. ಇನ್ನೊಂದು ಭಾಗವಾದ ಸಲ್ಫಾದಿಂದಲೇ ತಲೆನೋವು, ವಾಕರಿಕೆಯಂಥ ಹೆಚ್ಚಿನ ತೊಂದರೆಗಳು. ಆ ಸಲ್ಫಾ ಇಲ್ಲದ ಔಷಧವೇ ಇಂದು ವೈದ್ಯರು ಬರೆಯುವ ಮೆಸಲಮೀನ್. ಕರುಳು ತಲುಪುವವರೆಗೆ ಕರಗದಂತೆ ಇದಕ್ಕೆ ವಿಶೇಷ ಲೇಪ ಕೊಟ್ಟಿರುತ್ತಾರೆ. ಆದ್ದರಿಂದ ಇಂಥ ಮಾತ್ರೆಯನ್ನು ಪುಡಿ ಮಾಡಿ, ಜಗಿದು ಸೇವಿಸಬಾರದು.

ಪ್ರಮಾಣ ಎಷ್ಟಿರಬೇಕೆಂಬುದನ್ನೂ ಆಜಾದ್ ಖಾನ್ ತಂಡ 1980ರಲ್ಲಿ ಕಂಡುಕೊಂಡಿತು. ದಿನಕ್ಕೆ 1 ಗ್ರಾಂ ಸಲ್ಫಾಸಲಜೀನ್ ಸೇವಿಸಿದವರಲ್ಲಿ 33 ಶೇಕಡಾ ಮಂದಿಗೆ ರೋಗ ಮರುಕಳಿಸಿತು, 2 ಗ್ರಾಂನವರಲ್ಲಿ 14, 4 ಗ್ರಾಂನವರಲ್ಲಿ 9. ಅಡ್ಡಪರಿಣಾಮಗಳನ್ನೂ ತೂಗಿ ನೋಡಿ 2 ಗ್ರಾಂ ಸರಿ ಎಂದರು. ನಾವಾಗಿ ಮಾತ್ರೆಯನ್ನು ಅರ್ಧಕ್ಕಿಳಿಸಿದರೆ ಏನಾಗುತ್ತದೆಂಬುದಕ್ಕೂ ಇದೇ ಉತ್ತರ.

2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಆರಾಮವಾಗಿದ್ದ 99 ರೋಗಿಗಳನ್ನು ಎರಡು ವರ್ಷ ಗಮನಿಸಿತ್ತು. ಮೆಸಲಮೀನನ್ನು ತಪ್ಪದೆ ಸೇವಿಸಿದವರಲ್ಲಿ 89 ಶೇಕಡಾ ಮಂದಿ ಆರಾಮವಾಗಿಯೇ ಉಳಿದರು. ತಪ್ಪಿಸಿದವರಲ್ಲಿ ಹಾಗೆ ಉಳಿದವರು 39 ಶೇಕಡಾ ಮಾತ್ರ.

ಹೊಸ ಮಾತ್ರೆಗಳು

ಇಷ್ಟರಿಂದ ಎಲ್ಲರಿಗೂ ಗುಣವಾಗುವುದಿಲ್ಲ. ಕ್ರೋನ್ಸ್ ಕಾಯಿಲೆಗೆ ಮೆಸಲಮೀನ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಅಜಥಯೋಪ್ರಿನ್‌ನಂಥ ಮಾತ್ರೆ ಅಥವಾ ಚುಚ್ಚುಮದ್ದು ಬೇಕಾಗುತ್ತದೆ. 2018ರಲ್ಲಿ ಟೋಫಾಸಿಟಿನಿಬ್ ಎಂಬ ಮಾತ್ರೆಗೆ ಅಲ್ಸರೇಟಿವ್ ಕೊಲೈಟಿಸ್‌ಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2023ರಲ್ಲಿ ಉಪಾಡಾಸಿಟಿನಿಬ್‌ಗೆ ಕ್ರೋನ್ಸ್‌ಗೂ ಅನುಮತಿ ಬಂತು. ಆದರೆ ಕೀಲುವಾತವಿದ್ದ 50 ದಾಟಿದ ರೋಗಿಗಳಲ್ಲಿ ಟೋಫಾಸಿಟಿನಿಬ್‌ನಿಂದ ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರಿನ ಅಪಾಯ ಹೆಚ್ಚೆಂದು ದೀರ್ಘಕಾಲದ ಅಧ್ಯಯನ ತೋರಿಸಿದ್ದರಿಂದ 2021ರಲ್ಲಿ ಈ ಬಗೆಯ ಮಾತ್ರೆಗಳ ಮೇಲೆ ಎಚ್ಚರಿಕೆ ಹಾಕಲಾಯಿತು. ಇವನ್ನು ಆರಂಭಿಸುವ ಮೊದಲು ಕ್ಷಯದ ಪರೀಕ್ಷೆಯೂ ಆಗಲೇಬೇಕು.

ನಿಮ್ಮ ಮನೆಯಲ್ಲಿ

ಸಹೋದರಿಯರೇ, ಈ ಸಂಗತಿಗಳನ್ನು ನೆನಪಿಡಿ.

ಗರ್ಭಿಣಿಯಾದೆನೆಂದು ಹೆದರಿ ಮಾತ್ರೆ ನಿಲ್ಲಿಸಬೇಡಿ. ಕೆರಳಿದ ರೋಗವೇ ತಾಯಿಗೂ ಮಗುವಿಗೂ ಹೆಚ್ಚು ಅಪಾಯಕಾರಿ. ಮೆಸಲಮೀನನ್ನು ಸಾಮಾನ್ಯವಾಗಿ ಮುಂದುವರಿಸಬಹುದು. ಸಲ್ಫಾಸಲಜೀನ್ ಜೊತೆ ಫೋಲಿಕ್ ಆಮ್ಲ ಬೇಕು. ಆದರೆ ಮಿಥೋಟ್ರೆಕ್ಸೇಟ್ ಗರ್ಭಕ್ಕೆ ಹಾನಿಕರ, ಮೇಲೆ ಹೇಳಿದ ಹೊಸ ಮಾತ್ರೆಗಳೂ ಆಗ ಬೇಡ. ಹಾಗಾಗಿ ಮಗು ಬೇಕೆನಿಸಿದಾಗಲೇ ವೈದ್ಯರಿಗೆ ತಿಳಿಸಿ.

ಪತಿ ಸಲ್ಫಾಸಲಜೀನ್ ಸೇವಿಸುತ್ತಿದ್ದು ಮಗುವಾಗದಿದ್ದರೆ ಸೊಸೆಯತ್ತ ಬೆರಳು ತೋರಿಸುವ ಮೊದಲು ಇದನ್ನು ಓದಿ. ಈ ಔಷಧ ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಮಾಡಬಲ್ಲದು. ವೈದ್ಯರು ಮಾತ್ರೆ ಬದಲಿಸಿದರೆ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯದೆ ಎಷ್ಟು ಹೆಣ್ಣುಮಕ್ಕಳು ಕಣ್ಣೀರು ಹಾಕಿರಬಹುದು!

ರಮಝಾನಿನಲ್ಲಿ ಎಷ್ಟೋ ಮಂದಿ ತಿಂಗಳಿಡೀ ಮಾತ್ರೆ ಬಿಟ್ಟುಬಿಡುತ್ತಾರೆ. ಮೆಸಲಮೀನನ್ನು ದಿನಕ್ಕೊಮ್ಮೆ ಒಟ್ಟಿಗೆ ಸೇವಿಸಿದರೂ ರೋಗ ತಡೆಯುವ ಗುಣ ಕುಗ್ಗುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಆದ್ದರಿಂದ ಇಫ್ತಾರ್ ಅಥವಾ ಸಹ್ರಿಯ ಹೊತ್ತಿಗೆ ಹೊಂದಿಸಬಹುದೇ ಎಂದು ರಮಝಾನಿಗೆ ಮೊದಲೇ ವೈದ್ಯರಲ್ಲಿ ಕೇಳಿ. ರೋಗ ಕೆರಳಿದ್ದರೆ ಉಪವಾಸ ಬೇಡ. ರೋಗಿಗೆ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ರಿಯಾಯಿತಿಯನ್ನು ಕುರ್‌ಆನ್ ನೀಡಿದೆ.

ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ, ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳಲೂ ಬೇಡಿ. ಮೆಸಲಮೀನ್ ಸೇವಿಸುವವರು ಆಗಾಗ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಲಿ. ರೋಗ ಆರಂಭವಾಗಿ ಎಂಟು ವರ್ಷವಾಗಿದ್ದರೆ ಕ್ಯಾನ್ಸರ್ ತಪಾಸಣೆಗಾಗಿ ಕೊಲೊನೋಸ್ಕೋಪಿಯ ಬಗ್ಗೆ ವೈದ್ಯರನ್ನು ಕೇಳಿ.

ಮನೆಯವರ ಮಾತ್ರೆ ಡಬ್ಬಿ ಖಾಲಿಯಾಗುವುದು ಮೊದಲು ಗೊತ್ತಾಗುವುದು ನಿಮಗೇ. ನೋವಿಲ್ಲದ ದಿನಗಳಲ್ಲೂ ಆ ಡಬ್ಬಿ ತುಂಬಿರಲಿ. ಆ ದಿನಗಳನ್ನು ಉಳಿಸಿಕೊಡುತ್ತಿರುವುದು ಅದೇ ಮಾತ್ರೆ.