ತುಂಬಿದ ಕಣಜದ ಜೊಳ್ಳು

ರಕ್ತದ ಒಂದು ತೊಟ್ಟನ್ನು ಗಾಜಿನ ಫಲಕದ ಮೇಲಿರಿಸಿ, ಮತ್ತೊಂದು ಫಲಕದ ಅಂಚಿನಿಂದ ತೆಳ್ಳಗೆ ಸವರಿ, ಬಣ್ಣವೂಡಿಸಿ ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದಾಗ, ಕೆಲವು ವೃದ್ಧರ ರಕ್ತದಲ್ಲಿ ದುಂಡಾದ ಬಿಳಿಯ ಕಣಗಳ ನಡುವೆ ಒರೆಸಿದ ಮಸಿಯಂತಹ ಕಲೆಗಳು ತೋರುವುದುಂಟು. ಅವು ಕೊಳೆಯಲ್ಲ, ಸವರುವ ಅಲ್ಪ ಒತ್ತಡವನ್ನೂ ತಾಳಲಾರದೆ ಒಡೆದುಹೋದ ಕಣಗಳು. ಅದೇ ರಕ್ತಕ್ಕೆ ಆಲ್ಬುಮಿನ್ ದ್ರಾವಣವನ್ನು ಬೆರೆಸಿ ಸವರಿದರೆ ಅವು ಬಹುಮಟ್ಟಿಗೆ ಒಡೆಯದೆ ಉಳಿಯುತ್ತವೆ. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯವೆಂಬ ರಕ್ತದ ಕ್ಯಾನ್ಸರಿನ ಪರಿಚಿತ ಕುರುಹು ಇದು.

ದೇಹವನ್ನು ಹೊಕ್ಕ ರೋಗಾಣುವನ್ನು ಗುರುತಿಸಿ, ಅದಕ್ಕೆ ತಕ್ಕ ಪ್ರತಿಕಾಯಗಳ ತಯಾರಿಕೆಗೆ ಮೊದಲಿಡುವುದು ಬಿ-ಲಿಂಫೋಸೈಟುಗಳ ಧರ್ಮ. ಈ ರೋಗದಲ್ಲಾದರೋ ಅಂತಹ ಒಂದೇ ಕಣದ ಸಂತತಿಯು, ಕಾಲಕ್ಕೆ ಸರಿಯಾಗಿ ಸಾಯದೆ, ರಕ್ತದಲ್ಲಿಯೂ ಮಜ್ಜೆಯಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಶೇಖರವಾಗುತ್ತ ಹೋಗುತ್ತದೆ. ಆರೋಗ್ಯವಂತ ವಯಸ್ಕರ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಎಲ್ಲ ಬಗೆಯ ಲಿಂಫೋಸೈಟುಗಳೂ ಕೂಡಿ ಸುಮಾರು 1,000ದಿಂದ 4,000ದವರೆಗೆ ಇದ್ದರೆ, ಇಲ್ಲಿ ಆ ಒಂದು ಸಂತತಿಯವೇ 5,000ವನ್ನು ಮುಟ್ಟಿ, ಕೆಲವರಲ್ಲಿ ಲಕ್ಷವನ್ನೂ ದಾಟುತ್ತವೆ. ಕಣಜವೇನೋ ತುಂಬಿತು, ಕಾಳೆಲ್ಲ ಜೊಳ್ಳು! ರೋಗನಿರೋಧಕ್ಕೆ ಅಸಮರ್ಥವಾದ ಕಣಗಳ ಸಂಚಯವೇ ಈ ವ್ಯಾಧಿಯೆಂದು ಅಮೆರಿಕದ ವೈದ್ಯ ವಿಲಿಯಂ ಡೇಮ್‌ಶೆಕ್ 1967ರಲ್ಲಿಯೇ ನಿರೂಪಿಸಿದ್ದರು.

ಜೊಳ್ಳಿನ ಸಹವಾಸದಿಂದ ಗಟ್ಟಿಕಾಳೂ ಕೆಡುವುದೇ ಇಲ್ಲಿಯ ವಿಚಿತ್ರ. ರೋಗಗ್ರಸ್ತ ಕಣಗಳನ್ನು ಕೊಲ್ಲಬೇಕಾದ ಟಿ-ಕಣಗಳು ಸಂಖ್ಯೆಯಲ್ಲಿ ಹೆಚ್ಚಿದರೂ, ಮೈಮೇಲೆ ಪಿಡಿ-1 ಎಂಬ ತಡೆಗುಂಡಿಗಳನ್ನು ಬೆಳೆಸಿಕೊಂಡು ಬಳಲಿ, ಎದುರಾದ ಕಣಕ್ಕೆ ಬಿಗಿಯಾಗಿ ಅಂಟಿಕೊಳ್ಳುವ ಸಾಮರ್ಥ್ಯವನ್ನೇ ಕಳೆದುಕೊಳ್ಳುತ್ತವೆ. ಕಸವನ್ನು ನುಂಗಿ ಶುಚಿಗೊಳಿಸುವ ಭಕ್ಷಕಕಣಗಳ ಜಾತಿಯವೇ ಕೆಲವು, ದಾದಿಯರಂತೆ ಕ್ಯಾನ್ಸರ್ ಕಣಗಳನ್ನು ಪೋಷಿಸಿ ಮರಣದಿಂದ ಕಾಪಾಡುತ್ತವೆ. ಪ್ರತಿಕಾಯಗಳ ಪ್ರಮಾಣವು ಇಳಿಯುತ್ತದೆ. ಉಳಿದವುಗಳಲ್ಲಿಯೂ ಕೆಲವು ದಾರಿತಪ್ಪಿ, ಕೆಲವು ರೋಗಿಗಳಲ್ಲಿ ಸ್ವಂತ ಕೆಂಪು ರಕ್ತಕಣಗಳನ್ನೇ ನಾಶಮಾಡುತ್ತವೆ.

ಹೀಗಾಗಿ ಈ ರೋಗಿಗಳನ್ನು ಕಾಡುವುದು ಕ್ಯಾನ್ಸರಿನಷ್ಟೇ ನ್ಯುಮೋನಿಯ, ಸರ್ಪಸುತ್ತುಗಳಂತಹ ಸೋಂಕುಗಳು. ಲಸಿಕೆ ಹಾಕಿಸಿಕೊಂಡರೂ ಅದರ ಫಲ ಇತರರಲ್ಲಿ ಕಾಣುವಷ್ಟು ಕಾಣದು. ಆದರೂ ಹಾಕಿಸಿಕೊಳ್ಳಲೇಬೇಕು, ಜೀವಂತ ರೋಗಾಣುಗಳುಳ್ಳ ಲಸಿಕೆಗಳನ್ನು ಮಾತ್ರ ವರ್ಜಿಸಬೇಕು. ಎಷ್ಟೋ ಮಂದಿಗೆ ವರ್ಷಗಟ್ಟಲೆ ಔಷಧಿಯ ಅಗತ್ಯವೇ ಬೀಳದೆ ಬರಿಯ ತಪಾಸಣೆಯೇ ಸಾಕಾಗುವುದರಿಂದ, ಮನೆಯವರು ರೋಗವನ್ನು ಮರೆಯುವುದು ಸಹಜ. ಮರೆತರೂ ಒಂದನ್ನು ನೆನಪಿಡತಕ್ಕದ್ದು: ಅಂತಹವರಿಗೆ ಜ್ವರ ಬಂದಾಗ ಕಷಾಯ ಕುಡಿಸಿ ನಾಳೆಗೆಂದು ಕಾಯಬಾರದು; ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.